ಸ್ಕ್ರಿಪ್ಟ್ ಸ್ವಾಮಿ

ರೌಟರ್‌ಗೆ ಲಾಗಿನ್ ಆಗಿ ಒಂದು ಕಮಾಂಡ್ ಹೊಡೆದು ಬಾ ಎಂದರೆ ಅವನಿಗೆ ಅವಮಾನ. "ಕೈಯಲ್ಲಿ ಯಾಕ್ರೀ ಮಾಡ್ಬೇಕು? ಸ್ಕ್ರಿಪ್ಟ್ ಬರೀತೀನಿ." ಎರಡು ನಿಮಿಷದ ಕೆಲಸ ಅಲ್ಲಿಗೆ ಎರಡು ವಾರದ್ದಾಯಿತು. ಯಾವ ನೆಟ್‌ವರ್ಕ್ ತಂಡದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ನಮ್ಮ ಪಾಲಿಗೆ ಬಂದವನಿಗೆ ಸ್ಕ್ರಿಪ್ಟ್ ಸ್ವಾಮಿ ಎಂದು ಹೆಸರಿಟ್ಟಿದ್ದೆವು.

ಸ್ವಾಮಿಯ ಮನೆದೇವರು ಎಕ್ಸ್‌ಪೆಕ್ಟ್. ಅಮೆರಿಕದ ಡಾನ್ ಲೈಬ್ಸ್ 1990ರಲ್ಲಿ ಹೊರತಂದ ಈ ಸಾಧನ ಮಾಡುವುದಿಷ್ಟೇ: ಆಚೆಯ ಯಂತ್ರ ಪಾಸ್‌ವರ್ಡ್ ಕೇಳುವವರೆಗೆ ಕಾಯುವುದು, ಕೇಳಿದಾಗ ಕೊಡುವುದು. ಬೇರೆ ಏನೂ ಹೇಳದಿದ್ದರೆ 10 ಸೆಕೆಂಡ್ ಕಾಯುತ್ತದೆ. ಆಮೇಲೆ ಆಚೆಯವರು ಕೇಳಲಿ ಬಿಡಲಿ, ಕಿವುಡಜ್ಜನ ಹಾಗೆ ಮುಂದಿನ ಮಾತು ಶುರುಮಾಡಿಬಿಡುತ್ತದೆ.

ಒಂದು ರಾತ್ರಿ ರಾಯಚೂರಿನ ಲಿಂಕ್ ಬಿತ್ತು. ಫೋನಿನಲ್ಲಿ ಮ್ಯಾನೇಜರ್ ಕುದಿಯುತ್ತಿದ್ದರು. ಸ್ವಾಮಿಯ ಸ್ಕ್ರಿಪ್ಟ್ ಟೆಲ್ನೆಟ್‌ನಲ್ಲಿ ಹೋಗುತ್ತದೆ, ಮೂರು ಸಲ ತಪ್ಪು ಪಾಸ್‌ವರ್ಡ್ ಅನ್ನಿಸಿಕೊಂಡು ಹೊರಬೀಳುತ್ತದೆ, ಮತ್ತೆ ಹೋಗುತ್ತದೆ. ಅವನು ಡೀಬಗ್ ಹಾಕಿಕೊಂಡು, ಬಂದ ಒಂದೊಂದು ಅಕ್ಷರವನ್ನೂ ಅಕ್ಕಿ ಆರಿಸಿದಂತೆ ಆರಿಸುತ್ತ ಕೂತ. ಪಕ್ಕದ ಕುರ್ಚಿಯಿಂದ ನಾನು ಕೈಯಾರೆ ಲಾಗಿನ್ ಆಗಿ, ಇಂಟರ್‌ಫೇಸ್ ಒಮ್ಮೆ ಆರಿಸಿ ಹಚ್ಚಿದೆ. ಲಿಂಕ್ ಎದ್ದಿತು.

"ಬಂತಲ್ಲಯ್ಯಾ, ಏಳು!"

"ಬರ್ಲಿ ಬಿಡಿ ಸಾರ್. ಇಲ್ಲಿ ನೋಡಿ, ಹ್ಯಾಶ್!"

ಯಾರೋ ರಸಿಕರು ಲಾಗಿನ್ ಬ್ಯಾನರಿನ ಸುತ್ತ ಹ್ಯಾಶ್ ಚಿಹ್ನೆಗಳ ರಂಗೋಲಿ ಬಿಟ್ಟಿದ್ದರು. ಸಿಸ್ಕೋ ರೌಟರ್‌ನಲ್ಲಿ ಒಳಮನೆ ಹೊಕ್ಕ ಮೇಲೆ ಕಾಣುವ ಪ್ರಾಂಪ್ಟಿನ ಗುರುತೂ ಹ್ಯಾಶೇ. ಹೊಸ್ತಿಲಲ್ಲೇ ಅದನ್ನು ಕಂಡ ಸ್ಕ್ರಿಪ್ಟು ಒಳಗೆ ಬಂದೆನೆಂದು ಭ್ರಮಿಸಿ, ಪಾಸ್‌ವರ್ಡ್ ಕೇಳಿದಲ್ಲೆಲ್ಲ ಕಮಾಂಡ್ ಒಪ್ಪಿಸುತ್ತಿತ್ತು! ಸ್ವಾಮಿಯ ಮುಖದಲ್ಲಿ ಕಳ್ಳನನ್ನು ಹಿಡಿದ ಕಳೆ. ಮ್ಯಾನೇಜರ್ ಇನ್ನೂ ಲೈನಿನಲ್ಲಿದ್ದರು, ಪಾಪ. ಅವರಿಗೂ ಪೂರ್ತಿ ವಿವರಿಸಿದ.

ಟೀ ದುಡ್ಡು ಕೊಡುವವನಲ್ಲ. ನಾವು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಕೊಡುತ್ತಾನೆ. ನಮಗೆ ಅವನು ಇಟ್ಟ ಟೈಮ್‌ಔಟ್ ಸೊನ್ನೆ. ಆದರೆ ಮುದಿ ರೌಟರೊಂದಕ್ಕಾಗಿ ಸ್ಕ್ರಿಪ್ಟಿನ ನಡುವೆ ಎರಡು ಸೆಕೆಂಡ್ 'ಸ್ಲೀಪ್' ಇಟ್ಟಿದ್ದ. "ವಯಸ್ಸಾಗಿದೆ ಸಾರ್, ಉಸಿರು ತಗೊಳ್ಲಿ." ನನಗೂ ಆಗ ಸೊಂಟನೋವು ಶುರುವಾಗಿತ್ತು, ಕೇಳಿದವರಿಲ್ಲ.

ಅವನು ಕೆಲಸ ಬಿಟ್ಟುಹೋದ. ಈಗಿನ ಹುಡುಗರು ಪೈಥಾನ್, ನೆಟ್‌ಮಿಕೋ ಎನ್ನುತ್ತಾರೆ. ಪುಟಕ್ಕೊಮ್ಮೆ 'ಮೋರ್' ಎಂದು ನಿಲ್ಲುವ ರೌಟರಿನ ಚಾಳಿಯನ್ನೂ ಅದೇ ಬಿಡಿಸುತ್ತದಂತೆ. ಮೊನ್ನೆ ಒಬ್ಬ ಹಳೇ ಸ್ಕ್ರಿಪ್ಟು ತೆರೆದು, "ಈ ಸ್ಲೀಪ್ ಯಾಕೆ? ಆ ರೌಟರ್ ಗುಜರಿಗೆ ಹೋಗಿ ಯಾವ ಕಾಲವಾಯ್ತು!" ಎಂದ.

"ಇರಲಿ ಬಿಡಪ್ಪಾ" ಎಂದೆ.

ಅವನು ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ನಾನು ದಿನಾ ಬೆಳಗ್ಗೆ ಮಾಡುವ ಕೆಲಸಗಳೇನೇನೆಂದು ಬರೆದುಕೊಳ್ಳತೊಡಗಿದ.