ಲದ್ದಿಯೊಳಗಿನ ತಲೆಬಿಸಿ

ಮೊನ್ನೆ ಮಂಡೆಕೋಲು ಕಡೆ ಮತ್ತೆ ಆನೆ ಬಂದಿತ್ತಂತೆ ಮಾರಾಯ್ರೇ. ಬಾಳೆ ಪೂರಾ ತಿಂದು, ಅಡಿಕೆ ಸಸಿ ಮೆಟ್ಟಿ, ದಾರಿ ಮಧ್ಯೆ ರಾಶಿ ಲದ್ದಿ ಹಾಕಿ ಹೋಗಿದೆ. ನಮ್ಮ ಈಶ್ವರಮಂಗಲಕ್ಕೆ ಅದೇನು ದೂರವಾ? ಹೊಸ ಸುದ್ದಿಯೂ ಅಲ್ಲ ಬಿಡಿ.

ಆ ಲದ್ದಿ ಉಂಟಲ್ಲ, ಅದನ್ನು ಸುಮ್ಮನೆ ದಾಟಿ ಹೋಗಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಸಂಜೀತಾ ಶರ್ಮಾ ಪೋಖರೇಲ್ ಮತ್ತು ಅವರ ಜೊತೆಯವರು ಕಾಡಿನಲ್ಲಿ ತಾಜಾ ಲದ್ದಿ ಹೆಕ್ಕಿ, ಅದರಲ್ಲಿ ತಲೆಬಿಸಿಯ ಹಾರ್ಮೋನಿನ ಅಂಶ ಎಷ್ಟು ಇಳಿದಿದೆ ಅಂತ ಅಳೆದವರು. ರಕ್ತ ತೆಗೆಯಲು ಹೋದರೆ ಆನೆಗೆ ಅದೇ ಒಂದು ಗಾಬರಿ. ಲದ್ದಿಯಾದರೆ ಅದರ ಪಾಡಿಗೆ ಅದು ಹೋಗುತ್ತದೆ, ಅಲ್ವಾ? ಬಡಕಲಾದ ಆನೆಗಳಲ್ಲಿ ಆ ಅಂಶ ಹೆಚ್ಚು ಅಂತ 2017ರಲ್ಲಿ ತೋರಿಸಿದರು. 2019ರದ್ದು ಇನ್ನೂ ಚೋದ್ಯ. ಹಾಸನದ ಕಡೆ ಬೆಳೆಗೆ ನುಗ್ಗುವ ಆನೆಗಳನ್ನೂ ಬಂಡೀಪುರ, ನಾಗರಹೊಳೆಯ ಕಾಡಾನೆಗಳನ್ನೂ ಹೋಲಿಸಿದರೆ, ಬೊಬ್ಬೆ, ಟಾರ್ಚು, ಜನ ಎಲ್ಲ ಇರುವ ಕಡೆಯವಕ್ಕೇ ಆ ಹಾರ್ಮೋನ್ ಕಡಿಮೆ! ಸತ್ವದ ತಿಂಡಿ ಹೊಟ್ಟೆಗೆ ಬಿದ್ದದ್ದೇ ಕಾರಣ ಇರಬಹುದು ಅಂತಾರೆ. ನಮ್ಮ ಬಾಳೆಯ ರುಚಿ ಹತ್ತಿದ ಆನೆ ಯಾಕೆ ಬಿಡುತ್ತದೆ ಹೇಳಿ.

ಹಾಗಂತ ಹೆದರಿಕೆ ಅದಕ್ಕಿಲ್ಲ ಅನ್ನಲು ನನಗೆ ಧೈರ್ಯ ಸಾಲದು. ಲದ್ದಿ ಹೇಳುವುದು ಆಚೀಚೆಯ ಒಂದೆರಡು ದಿನದ ಕತೆ. ತಲೆಯೊಳಗೆ ಕೂತದ್ದು ಬೇರೆ.

ನಮ್ಮಲ್ಲಿ ಮೊದಲೊಂದು ನಾಯಿ ಇತ್ತು. ದೀಪಾವಳಿಯ ರಾತ್ರಿ ಹತ್ತಿರದಲ್ಲೇ ಗರ್ನಾಲು ಸಿಡಿದಾಗ ಒಮ್ಮೆ ಬೆಚ್ಚಿತು, ಅಷ್ಟೆ. ಹಬ್ಬವೆಲ್ಲ ಮುಗಿದ ಮೇಲೆ ಒಂದು ದಿನ ತೆಂಗಿನ ಮಡಲು ಬಿದ್ದ ಸದ್ದಿಗೆ ಮಂಚದಡಿ ಸೇರಿದ್ದು, ಅನ್ನ ಹಾಕಿ ಕರೆದರೂ ಬರಲಿಲ್ಲ. ಇದೆಂತ ಈಗ, ಅಂತ ಅಮ್ಮನಿಗೆ ಆಶ್ಚರ್ಯ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರು ಇಲಿಗಳ ಮೇಲೆ ನಡೆಸಿದ ಪ್ರಯೋಗದ ವಿಷಯ ಓದಿದಾಗ ಆ ನಾಯಿ ನೆನಪಾಯಿತು. ಇಲಿಯನ್ನು ಒಂದೇ ಸಲ, ಎರಡು ಗಂಟೆ, ಅಲುಗಾಡದ ಹಾಗೆ ಕಟ್ಟಿಟ್ಟು ಬಿಟ್ಟರು. ಮರುದಿನ ನೋಡಿದರೆ ಎಂತದೂ ಇಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಹೆದರಿಕೆಯ ಜಾಗವಾದ ಅಮಿಗ್ಡಲಾದಲ್ಲಿ ನರಕೋಶಗಳ ಮುಳ್ಳಿನಂಥ ಚಾಚುಗಳು ಹೆಚ್ಚಾಗಿವೆ! ಇಲಿಯ ಅಂಜಿಕೆಯೂ ಹೆಚ್ಚಾಗಿದೆ. ಅಂಜಿಕೆ ಅಳೆಯುವುದು ಹೇಗೆ ಗೊತ್ತಾ? ನೆಲದಿಂದ ಎತ್ತರದಲ್ಲಿ ಕೂಡು ಗುರುತಿನ ಹಾಗೆ ಅಡ್ಡಡ್ಡ ಹಾದಿ. ಎರಡು ಕೈಗೆ ಗೋಡೆ ಉಂಟು, ಎರಡಕ್ಕೆ ಇಲ್ಲ. ಹೆದರಿದ ಇಲಿ ಗೋಡೆಯ ಮರೆ ಬಿಟ್ಟು ಬಯಲಿಗೆ ಬರುವುದಿಲ್ಲ.

ದಿನಾ ಎರಡು ಗಂಟೆಯಂತೆ ಹತ್ತು ದಿನ ಕಟ್ಟಿದ್ದರ ಕತೆ ಬೇರೆಯೇ. ನೆನಪಿನ ಜಾಗವಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಮುರುಟಿದವು, ಅಮಿಗ್ಡಲಾದಲ್ಲಿ ಹರಡಿಕೊಂಡವು. ಆಮೇಲೆ 21 ದಿನ ಆರಾಮ ಕೊಟ್ಟರು. ಮುರುಟಿದ್ದು ಚಿಗುರಿ ಸರಿಯಾಯಿತು. ಹರಡಿದ್ದು ಮಾತ್ರ ಹಾಗೇ ಉಳಿಯಿತು, ಅಂಜಿಕೆಯೂ ಹೋಗಲಿಲ್ಲ. ಮೂರು ವಾರ ಅಂದರೆ ಇಲಿಯ ಆಯುಷ್ಯಕ್ಕೆ ಸಣ್ಣದಾ?

ಇಲಿಯ ತಲೆಯನ್ನು ಆನೆಗೆ ಕಟ್ಟಲಾಗದು, ಒಪ್ಪುತ್ತೇನೆ. ಆದರೂ ರಾತ್ರಿ ರಾತ್ರಿ ಗರ್ನಾಲು ಹೊಡೆದು ಇತ್ತಿಂದತ್ತ ಓಡಿಸಿದ ಆನೆ ಕಾಡು ಸೇರಿದ ಕೂಡಲೇ ಎಲ್ಲ ಮರೆಯುತ್ತದೆ ಅಂತ ಹೇಗೆ ನಂಬುವುದು? 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆಯ ದಾಳಿಗೆ ಇಬ್ಬರು ಜೀವ ಬಿಟ್ಟರು. ಅದೇ ವರ್ಷ ಏಪ್ರಿಲಿನಲ್ಲಿ ಸುಳ್ಯದ ಅಜ್ಜಾವರದಲ್ಲಿ ಮರಿಗಳೂ ಸೇರಿ ನಾಲ್ಕು ಆನೆ ತೋಟದ ಕೆರೆಗೆ ಬಿದ್ದವು, ಜನ ಸೇರಿ ಮೇಲೆ ಹತ್ತಿಸಿದರು. ಎರಡೂ ಸುದ್ದಿಗೆ ನನಗೆ ಒಂದೇ ಸಂಕಟ. ತೋಟ ಹೋದವನ ಹೊಟ್ಟೆಯುರಿಯೂ ಸುಳ್ಳಲ್ಲ.

ಅದಕ್ಕೇ ಹೇಳುವುದು, ನಮ್ಮ ಕಡೆಯ ಲದ್ದಿಯನ್ನೂ ಒಮ್ಮೆ ಅಳೆಯಬೇಕು. ಹಲಸು ಹಣ್ಣಾಗುವ ಕಾಲದ್ದೊಂದು, ಗರ್ನಾಲು ಹೊಡೆದ ವಾರದ್ದೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಓಡಿಸುವುದರಿಂದ ಆಗುವುದೆಂತ, ಹೊಟ್ಟೆ ತುಂಬುವುದರಿಂದ ಆಗುವುದೆಂತ ಅಂತ ಸ್ವಲ್ಪವಾದರೂ ಗೊತ್ತಾದೀತು, ಅಲ್ವಾ?