ಗಾಳಿಯ ಸುತ್ತಿಗೆ

ಯಾವ ಪದಾರ್ಥದ ಬೆಲೆಯು ಅದರ ಗಾತ್ರಗಾಂಭೀರ್ಯಗಳಿಗೆ ಅವಮಾನವೆನ್ನಿಸುವಷ್ಟು ಕಡಮೆಯಾಗಿರುವುದೋ, ಅದರ ಎದುರಿಗೆ ನಿಂತ ಗೃಹಸ್ಥನ ವಿವೇಕವು ಮೆಲ್ಲನೆ ಹಿಂದೆ ಸರಿದು ಅವನ ಕೈ ಜೇಬಿನತ್ತ ಸಾಗುತ್ತದೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಒಂದು ಅಂಗಡಿಯಲ್ಲಿ 2,000 ರೂಪಾಯಿಗಳ ಆಸುಪಾಸಿಗೆ ದೊರೆಯುತ್ತಿದ್ದ, ಗಾಳಿಯ ಒತ್ತಡದಿಂದ ಮೊಳೆ ಹೊಡೆಯತಕ್ಕ ನೇಲ್ ಗನ್ನನ್ನು ಹಿಡಿದು ನೋಡಿದಾಗ, ಮನೆಯ ಸಮಸ್ತ ಮರಮುಟ್ಟುಗಳೂ ಮೊಳೆಗಾಗಿ ಹಂಬಲಿಸುತ್ತಿರುವಂತೆ ನನಗೆ ತೋರಿತು. ವಾಸ್ತವವಾಗಿ ಹಂಬಲಿಸುತ್ತಿದ್ದುದು ಅಂಚಿನ ಬೀಡಿಂಗ್ ಕಿತ್ತುಬಂದಿದ್ದ ಪುಸ್ತಕದ ಕಪಾಟೊಂದೇ.

ಯಂತ್ರದ ಒಳಗುಟ್ಟು ಸರಳವಾದುದು. ಟ್ರಿಗರ್ ಒತ್ತಿದೊಡನೆ, ಒಳಗೆ ಹೊಂಚುಹಾಕಿಕೊಂಡಿದ್ದ ಗಾಳಿಯು ಪಿಸ್ಟನ್ನಿನ ನೆತ್ತಿಯ ಮೇಲೆ ಎರಗುತ್ತದೆ. ಪಿಸ್ಟನ್ನಿಗೆ ಕೂಡಿಸಿದ ಉಕ್ಕಿನ ಬ್ಲೇಡು ಸಾಲಿನ ಮೊದಲ ಮೊಳೆಯನ್ನು ಮರದೊಳಕ್ಕೆ ತಳ್ಳಿ, ನಾವು ಕಣ್ಣು ಮಿಟುಕಿಸುವುದರೊಳಗೆ ಸ್ವಸ್ಥಾನಕ್ಕೆ ಮರಳುತ್ತದೆ. ಇದಕ್ಕೆ ಬೇಕಾದ ಒತ್ತಡ ಚದರ ಅಂಗುಲಕ್ಕೆ 60ರಿಂದ 100 ಪೌಂಡು. ಮೊಳೆಯೋ 18 ಗೇಜಿನದು, ದಪ್ಪ 1.2 ಮಿಲಿಮೀಟರು, ತಲೆ ನೆಪಮಾತ್ರಕ್ಕೆ. ಇಂಥ ಕೃಶಕಾಯದ ಮೊಳೆಯು ಬೀಡಿಂಗನ್ನು ಕಲ್ಪಾಂತದವರೆಗೆ ಹಿಡಿದಿರುತ್ತದೆಂದು ಯಾರೂ ತಿಳಿಯಬಾರದು. ಹಿಡಿಯುವುದು ಫೆವಿಕಾಲ್, ಅದು ಒಣಗುವ ತನಕ ಪಟ್ಟಿಯು ಅಲುಗದಂತೆ ಕಾವಲಿರುವುದಷ್ಟೇ ಮೊಳೆಯ ಉದ್ಯೋಗ.

ಪರೀಕ್ಷೆಗೆಂದು ನಮ್ಮ ಬೀದಿಯ ಬಡಗಿ ಆಚಾರ್ರನ್ನು ಕರೆದುಕೊಂಡು ಹೋಗಿದ್ದೆ. ಅವರು ಬೆಲೆಯನ್ನು ಕೇಳಲೇ ಇಲ್ಲ. ಮೊಳೆ ತುಂಬುವ ತಟ್ಟೆಯನ್ನು ಹಿಂದಕ್ಕೆಳೆದು, ಬ್ಲೇಡಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಗಾಳಿ ಹೋಗುವ ಬಾಯಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಅಂಗಡಿಯ ಕಂಪ್ರೆಸರಿಗೆ ಪೈಪು ಸಿಕ್ಕಿಸಿದ ಮೇಲೆ ಯಂತ್ರವನ್ನು ಕಿವಿಯ ಬಳಿಗೆ ಹಿಡಿದು ನಿಂತರು. ಸೋರುವ ಓ-ರಿಂಗು ಪಿಸುಗುಡುತ್ತದಂತೆ. ಪ್ಲೈವುಡ್ಡಿನ ತುಂಡಿಗೆ ಹೊಡೆದ ಮೊಳೆಗಳ ಮೇಲೆ ಉಗುರು ಸವರಿದರು, ತಡೆಯಿಲ್ಲದೆ ಜಾರಿತು. ತೇಗದ ತುಂಡಿಗೆ ಹೊಡೆದವುಗಳ ಮೇಲೆ ಸವರಿದರು, ಪೂರ್ತಿ ಇಳಿಯದ ತಲೆಗಳಿಗೆ ಉಗುರು ಸಿಕ್ಕಿಕೊಂಡಿತು. ಮೂತಿಯನ್ನು ಮರಕ್ಕೆ ಒತ್ತಿದ ಹೊರತು ಮೊಳೆ ಹಾರದಂತೆ ತಡೆಯುವ ಏರ್ಪಾಡು ಇದರಲ್ಲಿ ಇರಲಿಲ್ಲವಾಗಿ, ಅಷ್ಟು ಹೊತ್ತೂ ನಾನು ಅವರ ಬೆನ್ನ ಹಿಂದೆಯೇ ನಿಂತು ವಿಮರ್ಶಕನ ಪಾತ್ರವನ್ನು ನಿರ್ವಹಿಸಿದೆ.

“ಈ ಬ್ಲೇಡು, ಓ-ರಿಂಗು ಬಿಡಿಯಾಗಿ ಸಿಗುತ್ತವೇನಪ್ಪ?” ಎಂದರು ಆಚಾರ್ರು.

“ಇನ್ನೊಂದು ಗನ್ನೇ ತಗೊಂಡುಬಿಡಿ, ಅದರೊಳಗೆ ಇದ್ದೇ ಇರುತ್ತಲ್ಲ” ಎಂದನು ಅಂಗಡಿಯವನು.

ಹೊರಗೆ ಬಂದ ಮೇಲೆ ಆಚಾರ್ರು ತೀರ್ಪು ಕೊಟ್ಟರು: “ದಿನಾ ಮೊಳೆ ಹೊಡೆಯೋ ನನಗೆ ಇದು ಬೇಡ ಸ್ವಾಮಿ, ಬೇಗ ಬ್ಲೇಡು ಮೊಂಡಾಗಿ ಮೊಳೆ ಸೊಟ್ಟಗೆ ಸಿಕ್ಕಿಕೊಳ್ಳೋಕೆ ಶುರುವಾಗುತ್ತೆ. ನಿಮಗೆ ಧಾರಾಳವಾಗಿ ಸಾಕು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೊಸದಾಗೇ ಇರುತ್ತೆ.”

ಈ ಪ್ರಶಂಸೆಯನ್ನು ಮೆಲುಕು ಹಾಕುತ್ತಿರುವಾಗಲೇ ಇದರಲ್ಲಡಗಿದ್ದ ವಿಪರೀತವು ಗೋಚರಿಸಿತು. ಅಗ್ಗದ ಗನ್ನು ಯೋಗ್ಯವೆನಿಸುವುದು ವರ್ಷಕ್ಕೊಮ್ಮೆ ಮೊಳೆ ಹೊಡೆಯುವ ನನ್ನಂಥವನಿಗೆ. ಆದರೆ ನನ್ನಂಥವನ ಮನೆಯಲ್ಲಿ ಕಂಪ್ರೆಸರು ಇರುವುದಿಲ್ಲ. ಕಂಪ್ರೆಸರು ಉಳ್ಳವನು ದಿನವೂ ಮೊಳೆ ಹೊಡೆಯುವವನು. ಅವನಿಗೆ ಅಗ್ಗದ ಗನ್ನು ಒಗ್ಗುವುದಿಲ್ಲ. ಹಾಗಾದರೆ ಈ ಯಂತ್ರಗಳನ್ನು ಕೊಳ್ಳುವ ಮಹಾನುಭಾವರು ಯಾರು? ಆನೆ ಕೊಂಡವನು ಅಂಕುಶಕ್ಕೆ ಚೌಕಾಶಿ ಮಾಡಿದ್ದನ್ನು ಕೇಳಿದ್ದೇವೆ. ನಾನಾದರೋ ಅಂಕುಶ ಅಗ್ಗವಾಗಿ ದೊರೆಯಿತೆಂಬ ಸಂತೋಷದಲ್ಲಿ ಆನೆಯ ವಿಚಾರಣೆಗೆ ಹೊರಡಬೇಕಾಗಿತ್ತು. 24 ಲೀಟರಿನ ಸಣ್ಣ ಕಂಪ್ರೆಸರೂ ಗನ್ನಿನ ಹಲವು ಪಟ್ಟು ಬೆಲೆಯದು. ಸಾಲದ್ದಕ್ಕೆ, ಅದು ಗಾಳಿ ತುಂಬಿಕೊಳ್ಳುವಾಗ ಹೊರಡಿಸುವ ಆರ್ಭಟಕ್ಕೆ ನೆರೆಮನೆಯವರ ಸೌಹಾರ್ದವನ್ನೂ ಬೆಲೆಯಾಗಿ ತೆರಬೇಕು.

ಒಂದು ಉಪಾಯ ಮಾತ್ರ ಉಳಿದಿತ್ತು. ನಮ್ಮ ಬೀದಿಯ ತಿರುವಿನ ಪಂಕ್ಚರ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಗಾಳಿಗೆ ಬರವಿಲ್ಲ. ಅಲ್ಲಿಂದ ನಮ್ಮ ಮನೆಯವರೆಗೆ ಪೈಪನ್ನು ಎಳೆಯಲು ಸಾಧ್ಯವೇ ಎಂದು ಆ ಹುಡುಗನನ್ನು ಸಾಕಷ್ಟು ಪೀಠಿಕೆಯೊಂದಿಗೆ ವಿಚಾರಿಸಿದೆ. ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆಗಳನ್ನು ನೋಡುತ್ತ, ತಲೆಯೆತ್ತದೆ ಹೇಳಿದನು:

“ಕಪಾಟನ್ನೇ ಇಲ್ಲಿಗೆ ತಂದುಬಿಡಿ ಸಾರ್. ಟೂ-ವೀಲರ್ ರೇಟೇ ಹಾಕ್ತೀನಿ.”