ತಟ್ಟೆಯಂಚಿನ ತರಕಾರಿ: ಒಂದು ತಜ್ಞ ವರದಿ

ಮಕ್ಕಳಿಗೆ ದಿನಾ ಉಣ್ಣಿಸುವವರಿಗೆ ಆ ವಿಷಯದ ಮೇಲೆ ಮಾತಾಡಲು ಪುರುಸೊತ್ತಿರುವುದಿಲ್ಲ. ಹೀಗಾಗಿ ತಜ್ಞರ ಸ್ಥಾನ ಬಹುಕಾಲದಿಂದ ಖಾಲಿ ಬಿದ್ದಿತ್ತು. ಬಡಿಸಿದ ಮೇಲಷ್ಟೇ ಊಟಕ್ಕೆ ಏಳುವ ಗಂಡಸಾದ ನಾನು ಅದನ್ನು ತುಂಬಿದ್ದೇನೆ.

ಮೊದಲು ಎದುರಾಳಿಯ ಸಾಮರ್ಥ್ಯ ತಿಳಿಯಬೇಕು. ಕಣ್ಣೆದುರೇ ಬಿದ್ದಿರುವ ತನ್ನ ಸಾಕ್ಸು ಕಾಣದ ಐದು ವರ್ಷದ ಮಗು, ಉಪ್ಪಿಟ್ಟಿನಲ್ಲಿ ರವೆಗಿಂತ ಸಣ್ಣಗೆ ಹೆಚ್ಚಿಹಾಕಿದ ಹುರುಳಿಕಾಯಿಯನ್ನು ಮಂಕು ಬೆಳಕಿನಲ್ಲೂ ಪತ್ತೆಹಚ್ಚಿ, ಒಂದೊಂದಾಗಿ ಹೆಕ್ಕಿ, ತಟ್ಟೆಯಂಚಿನಲ್ಲಿ ಸಾಲಾಗಿ ಜೋಡಿಸುತ್ತದೆ. ವಶಪಡಿಸಿಕೊಂಡ ಮಾಲನ್ನು ಪತ್ರಿಕೆಯವರ ಮುಂದೆ ಹರವುವ ಪೊಲೀಸರೂ ಅಷ್ಟು ಅಚ್ಚುಕಟ್ಟಾಗಿ ಇಡುವುದಿಲ್ಲ.

ಜೊತೆಗೆ, ವಿಜ್ಞಾನವೂ ಮಗುವಿನ ಪಕ್ಷದಲ್ಲೇ ಇದೆ. ಹುಟ್ಟಿದ ಕೂಸೇ ಸಿಹಿಗೆ ಬಾಯಿ ಚಪ್ಪರಿಸುತ್ತದೆ, ಕಹಿಗೆ ಮುಖ ಕಿವುಚುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ, ತಾನೇ ಓಡಾಡತೊಡಗಿದ ಮೇಲೆ, ಹೊಸ ತಿನಿಸೆಂದರೆ ಸಂಶಯ ಜಾಸ್ತಿ. ಕಾಡಿನಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದ ಮಕ್ಕಳೇ ಬದುಕಿ ಉಳಿದರು, ನಾವೆಲ್ಲ ಅವರ ಸಂತಾನ ಎಂಬುದು ಇದಕ್ಕೆ ಕೊಡುವ ವಿವರಣೆ. ಅಂದಮೇಲೆ ಹಾಗಲಕಾಯಿ ಗೊಜ್ಜು ಕಲಸಿ ತುತ್ತು ಹಿಡಿದು ಬರುವ ಹೆತ್ತವಳನ್ನು ಮಗು ವಿಷವಿಕ್ಕಲು ಬಂದವಳಂತೆ ನೋಡಿದರೆ ಅದು ಹಟವಲ್ಲ, ಪೂರ್ವಜರ ವಿವೇಕ.

ಈ ವಿವೇಕಕ್ಕೆ ಪ್ರತಿಯಾಗಿ ನಮ್ಮ ನಾಡು ಕಂಡುಕೊಂಡ ಅಸ್ತ್ರ ಒಂದೇ: ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆ. ಬೆಂಡೆಯ ಲೋಳೆ ಹೊಟ್ಟೆಯಿಂದ ಹೊರಟು ಮಗ್ಗಿಯ ಜಾಗವನ್ನು ಯಾವ ದಾರಿಯಲ್ಲಿ ತಲುಪುತ್ತದೆ ಎಂಬುದನ್ನು ಯಾರೂ ತೋರಿಸಿಕೊಟ್ಟಿಲ್ಲ. ಆದರೂ ತಲೆಮಾರುಗಳಿಂದ ಈ ಪ್ರಮೇಯ ಜಾರಿಯಲ್ಲಿದೆ. ಸಮಾಜಕ್ಕೆ, ಇಂಗ್ಲಿಷಿಗೆ ತರಕಾರಿ ಗೊತ್ತುಪಡಿಸದೆ ಬಿಟ್ಟಿರುವುದು ಮಾತ್ರ ಪಠ್ಯಕ್ರಮದ ದೊಡ್ಡ ಲೋಪ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಳದಿ ನಂಜುರೋಗ ತಡೆದುಕೊಳ್ಳುವ ‘ಅರ್ಕಾ ಅನಾಮಿಕ’ ಬೆಂಡೆ ತಳಿ ಕೊಟ್ಟಿದ್ದಾರೆ. ಭಾಗಾಕಾರ ತಡೆದುಕೊಳ್ಳುವ ತಳಿ ಇನ್ನೂ ಬರಬೇಕು.

ಪ್ರಮೇಯವನ್ನು ಮಕ್ಕಳು ಪ್ರಶ್ನಿಸುವುದೂ ಉಂಟು.

“ಅಜ್ಜೀ, ಅಪ್ಪ ಚಿಕ್ಕವರಿದ್ದಾಗ ಬೆಂಡೆಕಾಯಿ ತಿಂತಿದ್ರಾ?”

“ಓಹೋ, ಬಾಣಲೆಗಟ್ಟಲೆ!”

“ಮತ್ತೆ ಲೆಕ್ಕದಲ್ಲಿ ಯಾಕೆ ಫೇಲಾದ್ರು?”

“ಬೀಜ ಎಲ್ಲ ತೆಗೆದಿಟ್ಟು ತಿಂತಿದ್ದ ಕಣೋ, ಅದಕ್ಕೇ.”

ಪುರಾವೆ ಎದುರಾದ ಗಳಿಗೆಯಲ್ಲೇ ಸಿದ್ಧಾಂತವನ್ನು ಇಷ್ಟು ಚುರುಕಾಗಿ ತಿದ್ದಿಕೊಳ್ಳುವುದು ವಿಶ್ವವಿದ್ಯಾಲಯಗಳಲ್ಲೂ ಅಪರೂಪ.

ಇನ್ನೊಂದು ಪಂಥ ಮರೆಮಾಚುವವರದು. ಬೀಟ್‌ರೂಟ್ ಚಪಾತಿ, ಕ್ಯಾರೆಟ್ ತುರಿ ಬೆರೆಸಿದ ಇಡ್ಲಿ, ಪಾಲಕ್ ರುಬ್ಬಿ ಹುಯ್ದ ಹಸಿರು ದೋಸೆ. ಹಸಿರು ದೋಸೆಯಿಂದ ಮಗುವಿಗೆ ಪಾಲಕ್ ಮೇಲೆ ಪ್ರೀತಿ ಹುಟ್ಟಿದ್ದನ್ನು ನಾನು ಕಂಡಿಲ್ಲ. ದೋಸೆಯ ಮೇಲಿದ್ದ ನಂಬಿಕೆ ಹೋದದ್ದನ್ನು ಕಂಡಿದ್ದೇನೆ. ಈ ಕಲೆಯಲ್ಲಿ ಪೂರ್ತಿ ಗೆದ್ದದ್ದು ಗೋಬಿ ಮಂಚೂರಿ ಗಾಡಿಯವರು ಮಾತ್ರ. ಮೈದಾ, ಕಾರ್ನ್‌ಫ್ಲೋರ್, ಎಣ್ಣೆ, ಸಾಸು, ಕೆಂಪು ಬಣ್ಣ ಇಷ್ಟೆಲ್ಲದರ ತಳದಲ್ಲಿ ಹೂಕೋಸೊಂದು ತಲೆಮರೆಸಿಕೊಂಡಿರುವುದು ಯಾವ ಮಗುವಿಗೂ ಹೊಳೆದಿರಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕಕೂಡದೆಂದು ನಿಷೇಧ ಹೊರಡಿಸಿತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ತಜ್ಞನಾಗಿ ನನ್ನ ಆತಂಕ ಬೇರೆ: ಬಣ್ಣ ಹೋಗಿ, ಒಳಗಿರುವುದು ತರಕಾರಿ ಎಂದು ಗೊತ್ತಾಗಿಬಿಟ್ಟರೆ?

ಸಂಶೋಧಕರು ಹೇಳುವ ದಾರಿ ಬಹಳ ಸಪ್ಪೆ. ಒಂದೇ ತರಕಾರಿಯನ್ನು ಚೂರೇ ಚೂರು, 8ರಿಂದ 15 ಸಲ, ಬೇರೆಬೇರೆ ದಿನ ಮಗುವಿನ ಮುಂದಿಡಿ. ಬಲವಂತ ಬೇಡ, ಆಮಿಷ ಬೇಡ. ನೀವೂ ಅದನ್ನೇ ತಿನ್ನಿ. ಸುಮ್ಮನಿರಿ.

ಹದಿನೈದು ಸಲ ಇಡುವುದು ನಮಗೆ ಕಷ್ಟವಲ್ಲ. ಸೀಮೆಬದನೆ ಅಗ್ಗವಾದ ತಿಂಗಳು ಅದು ತಾನಾಗಿಯೇ ನೆರವೇರುತ್ತದೆ. ತೊಡಕಿರುವುದು ‘ಸುಮ್ಮನಿರಿ’ ಎನ್ನುವಲ್ಲಿ. ಮಗು ಸೀಮೆಬದನೆಯ ಕಡೆ ಬರಿದೇ ಕಣ್ಣು ಹಾಯಿಸಿದರೆ ಸಾಕು, ಅಜ್ಜಿ “ನೋಡೇ, ತಿಂತಾನೆ, ತಿಂತಾನೆ!” ಎಂದು ಅಡುಗೆಮನೆಗೆ ಸುದ್ದಿ ಮುಟ್ಟಿಸುತ್ತಾರೆ. ತಾತ ಗುಮ್ಮನನ್ನು ಕರೆಯುತ್ತಾರೆ. ಚಿಕ್ಕಪ್ಪ ಚಿಪ್ಸ್ ಪೊಟ್ಟಣ ಆಡಿಸಿ ತೋರಿಸುತ್ತಾನೆ. ಪಕ್ಕದ ಮನೆ ಹುಡುಗ ಎರಡು ಸಲ ಹಾಕಿಸಿಕೊಂಡ ವೃತ್ತಾಂತವನ್ನು ಅಮ್ಮ ಮೊದಲಿನಿಂದ ಹೇಳುತ್ತಾಳೆ. ‘ನೀವೂ ಅದನ್ನೇ ತಿನ್ನಿ’ ಎಂಬ ಭಾಗ ವಹಿಸಿಕೊಂಡಿರುವ ಅಪ್ಪ, ಮೊಬೈಲಿನಿಂದ ಕಣ್ಣೆತ್ತದೆ, ಹುಳಿಯಲ್ಲಿದ್ದ ಬದನೆಕಾಯಿ ಹೋಳನ್ನು ಬೆರಳ ತುದಿಯಿಂದ ಬದಿಗೆ ಸರಿಸುತ್ತಾನೆ. ಮಗು ಇಷ್ಟು ಹೊತ್ತು ನೋಡುತ್ತಿದ್ದದ್ದು ಆ ಬೆರಳನ್ನೇ.

ಆದ್ದರಿಂದ ನನ್ನ ಮುಖ್ಯ ಶಿಫಾರಸು: ಊಟದ ಹೊತ್ತಿನಲ್ಲಿ ದೊಡ್ಡವರೆಲ್ಲರ ಬಾಯಿಗೆ ಪಲ್ಯ ತುಂಬಿ. ಮಗುವಿಗೆ ಮಾದರಿಯಾಯಿತು, ಮಾತೂ ನಿಂತಿತು.

ಶಾಲೆಯ ವಿಚಾರ ಹೆಚ್ಚು ಹೇಳುವಂತಿಲ್ಲ. ಬಿಸಿಯೂಟದ ನಿಯಮದಂತೆ 5ನೇ ತರಗತಿಯವರೆಗೆ ಮಗುವೊಂದಕ್ಕೆ ದಿನಕ್ಕೆ 50 ಗ್ರಾಂ, 6ರಿಂದ 8ರವರೆಗೆ 75 ಗ್ರಾಂ ತರಕಾರಿ. ಮನೆಯಲ್ಲಿ ಮೂಸಿಯೂ ನೋಡದ ಕುಂಬಳಕಾಯಿ ಅಲ್ಲಿ ಸಾಂಬಾರಿನ ಜೊತೆ ಸದ್ದಿಲ್ಲದೆ ಇಳಿಯುತ್ತದೆ. ಪಕ್ಕದಲ್ಲಿ ಕೂತ ಗೆಳೆಯ ತಿನ್ನುತ್ತಿರುತ್ತಾನೆ, ಸುತ್ತಮುತ್ತ ನಮ್ಮವರು ಯಾರೂ ಇರುವುದಿಲ್ಲ.

ಉಳಿದದ್ದು ವಿಲೇವಾರಿ. ಅನ್ನದ ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲುವಂತಿಲ್ಲ. ಮಗನ ಹುರುಳಿಕಾಯಿ, ಗಂಡನ ಬದನೆಕಾಯಿ, ಹಲ್ಲಿಗೆ ಸಿಗದೆಂದು ಮಾವ ಬಿಟ್ಟ ನವಿಲುಕೋಸು, ಎಲ್ಲವೂ ಕೊನೆಗೆ ಊಟಕ್ಕೆ ಕೂರುವವಳ ಪಾಲಿಗೆ ಹೋಗುತ್ತದೆ. ಖರ್ಚುವೆಚ್ಚದ ಸಮೀಕ್ಷೆಗೆ ಬರುವವರು ಮನೆಗೆ ಎಷ್ಟು ಕಿಲೋ ತರಕಾರಿ ಬಂತು ಎಂದು ಬರೆದುಕೊಳ್ಳುತ್ತಾರೆಯೇ ಹೊರತು ಯಾರ ಹೊಟ್ಟೆಗೆ ಎಷ್ಟು ಹೋಯಿತು ಎಂದು ಕೇಳುವುದಿಲ್ಲ. ಆ ಲೆಕ್ಕದಲ್ಲಿ ನಮ್ಮದು ತರಕಾರಿ ಚೆನ್ನಾಗಿ ತಿನ್ನುವ ಕುಟುಂಬ. ನಾನೂ ಹಾಗೆಯೇ ಬರೆಸಿದ್ದೇನೆ.